ನೋಕಿಯಾ ಎನ್-ಗೇಜ್: ಆಟದ ಯಂತ್ರಕ್ಕೆ ಬೆಸೆದ ದೂರವಾಣಿ

ನೋಕಿಯಾ ಎನ್-ಗೇಜ್‌ನಲ್ಲಿ ಒಂದು ಆಟವನ್ನು ಬಿಟ್ಟು ಇನ್ನೊಂದನ್ನು ಆಡಬೇಕೆಂದರೆ ಮೊದಲು ಸಾಧನವನ್ನು ಆಫ್ ಮಾಡಬೇಕು. ಹಿಂಬದಿಯ ಮುಚ್ಚಳವನ್ನು ಕಳಚಿ, ಬ್ಯಾಟರಿಯನ್ನು ಹೊರತೆಗೆದು, ಅದರ ಅಡಿಯಲ್ಲಿ ಅಡಗಿರುವ ಅಂಚೆಚೀಟಿ ಗಾತ್ರದ ಕಾರ್ಡನ್ನು ಬದಲಿಸಿ, ಎಲ್ಲವನ್ನೂ ಮತ್ತೆ ಕ್ರಮವಾಗಿ ಕೂಡಿಸಿ, ಫೋನು ಪುನಃ ಎಚ್ಚರಗೊಳ್ಳುವವರೆಗೆ ಕಾಯಬೇಕು. ಈ ವ್ಯವಸ್ಥೆಯನ್ನು ಮೂರ್ಖತನವೆಂದು ತಳ್ಳಿಹಾಕುವುದು ಸುಲಭ. ಆದರೆ ದೂರವಾಣಿಯನ್ನು ವಿನ್ಯಾಸಗೊಳಿಸುವವರ ಕಣ್ಣಿನಿಂದ ನೋಡಿದರೆ ಇದರಲ್ಲಿ ಅಸಹಜವಾದದ್ದು ಏನೂ ಇಲ್ಲ. ಅಂದಿನ ಫೋನುಗಳಲ್ಲಿ ಮೆಮೊರಿ ಕಾರ್ಡನ್ನು ಒಮ್ಮೆ ಹಾಕಿದರೆ ತಿಂಗಳುಗಟ್ಟಲೆ ಯಾರೂ ಮುಟ್ಟುತ್ತಿರಲಿಲ್ಲ. ಸಿಮ್ ಇರುವಲ್ಲಿಯೇ ಅದನ್ನೂ ಭದ್ರವಾಗಿ ಮುಚ್ಚಿಡುವುದು ವಿವೇಕವೇ ಆಗಿತ್ತು. ಅದೇ ಕಾರ್ಡು ಆಟವನ್ನು ತುಂಬಿಕೊಂಡು ಬರುವ ಕಾರ್ಟ್ರಿಜ್ ಆದಾಗ ಮಾತ್ರ ಆ ವಿವೇಕ ತಿರುಗಿಬಿದ್ದಿತು. ಈ ಸಾಧನವನ್ನು ಬಹಳ ದಿನ ಬಳಸಿದ ಬಳಿಕ ನನಗೆ ಅನ್ನಿಸಿದ್ದು ಇಷ್ಟು: ಎನ್-ಗೇಜ್ ಫೋನಾಗಿ ಒಳ್ಳೆಯದು, ಆಟದ ಯಂತ್ರವಾಗಿಯೂ ಕೆಟ್ಟದ್ದಲ್ಲ; ಅದರ ದೋಷಗಳೆಲ್ಲ ಇವೆರಡನ್ನೂ ಬೆಸೆದ ಜಾಗದಲ್ಲಿಯೇ ಗುಂಪುಗೂಡಿವೆ.

ನೋಕಿಯಾ ಇದನ್ನು 2002ರ ನವೆಂಬರಿನಲ್ಲಿ ಪ್ರಕಟಿಸಿ, 2003ರ ಅಕ್ಟೋಬರ್ 7ರಂದು ಮಾರುಕಟ್ಟೆಗೆ ತಂದಿತು. ಆಟದ ಲೋಕಕ್ಕೆ ಆ ಕಂಪನಿ ಪೂರ್ತಿ ಹೊಸಬನೇನೂ ಆಗಿರಲಿಲ್ಲ. 1997ರ 6110 ಮಾದರಿಯಲ್ಲಿ ಬಂದ ಹಾವಿನ ಆಟ ಕೋಟ್ಯಂತರ ಜನರಿಗೆ ಫೋನಿನಲ್ಲಿ ಆಡುವ ಚಟವನ್ನು ಹಚ್ಚಿತ್ತು, ಮತ್ತು ಎರಡು ಫೋನುಗಳನ್ನು ಎದುರುಬದುರಾಗಿ ಹಿಡಿದು ಇನ್‌ಫ್ರಾರೆಡ್ ಮೂಲಕ ಇಬ್ಬರು ಆಡುವ ಸೌಲಭ್ಯವೂ ಅದರಲ್ಲಿ ಆಗಲೇ ಇತ್ತು. ಜೇಬಿನಲ್ಲಿ ಒಂದು ಫೋನು, ಚೀಲದಲ್ಲಿ ನಿಂಟೆಂಡೊ ಕಂಪನಿಯ ಕೈಯಾಟದ ಯಂತ್ರವಾದ ಗೇಮ್ ಬಾಯ್ ಇಟ್ಟುಕೊಂಡು ಓಡಾಡುವವರಿಗೆ ಎರಡನ್ನೂ ಒಂದೇ ಆಗಿ ಕೊಟ್ಟರೆ ಹೇಗೆ ಎಂಬ ಯೋಚನೆ ಆ ಕಾಲಕ್ಕೆ ತರ್ಕಬದ್ಧವಾಗಿಯೇ ಇತ್ತು. ಒಳಗಿನ ಸಾಮಗ್ರಿಯೂ ಕಡಿಮೆಯದಾಗಿರಲಿಲ್ಲ. ಅಂದಿನ ಗೇಮ್ ಬಾಯ್ ಅಡ್ವಾನ್ಸ್‌ನ ಪ್ರೊಸೆಸರ್ 16.78 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿದ್ದರೆ, ಎನ್-ಗೇಜ್‌ನ ಆರ್ಮ್ ಪ್ರೊಸೆಸರ್ 104 ಮೆಗಾಹರ್ಟ್ಸ್ ವೇಗದ್ದು.

ಕೈಯಲ್ಲಿ ಹಿಡಿದರೆ ಅದು ಸುಮಾರು 134 ಮಿಲಿಮೀಟರ್ ಅಗಲ, 70 ಮಿಲಿಮೀಟರ್ ಎತ್ತರ, 20 ಮಿಲಿಮೀಟರ್ ದಪ್ಪವಿರುವ, 137 ಗ್ರಾಂ ತೂಕದ ಅಡ್ಡ ಆಕಾರದ ವಸ್ತು. ಎಡಗಡೆ ದಿಕ್ಕಿನ ಗುಂಡಿ, ಬಲಗಡೆ ಫೋನಿನ ಅಂಕಿಗಳ ಗುಂಡಿಗಳು, ನಡುವೆ ಪರದೆ. ಎರಡೂ ಕೈಯ ಬೆರಳುಗಳು ಅದರ ದುಂಡಾದ ಅಂಚುಗಳನ್ನು ಸಲೀಸಾಗಿ ಅಪ್ಪಿಕೊಳ್ಳುತ್ತವೆ. ಹಿಡಿತದ ಮಟ್ಟಿಗೆ ನನಗೆ ತಕರಾರಿಲ್ಲ. ತಕರಾರಿರುವುದು ಬಲಗೈ ಹೆಬ್ಬೆರಳಿಗೆ. ಜಿಗಿಯಲು, ಗುಂಡು ಹಾರಿಸಲು, ವೇಗ ಹೆಚ್ಚಿಸಲು ಮುಖ್ಯವಾಗಿ ಬಳಸುವುದು 5 ಮತ್ತು 7ನೇ ಅಂಕಿಯ ಗುಂಡಿಗಳನ್ನು. ಅವುಗಳ ಸುತ್ತ ಉಳಿದ ಹತ್ತು ಗುಂಡಿಗಳು ಸಂತೆಯಂತೆ ಒತ್ತಾಗಿ ನಿಂತಿವೆ. ಆಟದ ಯಂತ್ರದ ಗುಂಡಿಯನ್ನು ನೋಡದೆಯೇ ಒತ್ತಲು ಬರಬೇಕು. ಅದರ ಸುತ್ತಲಿನ ಖಾಲಿ ಜಾಗವೇ ಬೆರಳಿಗೆ ದಾರಿ ತೋರಿಸುವ ಗುರುತು. ಫೋನಿನ ಕೀಲಿಮಣೆಯಲ್ಲಾದರೋ ಕಡಿಮೆ ಜಾಗದಲ್ಲಿ ಹನ್ನೆರಡು ಗುಂಡಿಗಳನ್ನು ಕೂರಿಸುವುದೇ ಜಾಣತನ. ತೋರುಬೆರಳುಗಳಿಗೆ ಭುಜದ ಗುಂಡಿಗಳು, ಅಂದರೆ ಮೇಲಂಚಿನ ಎಡಬಲ ಮೂಲೆಗಳಲ್ಲಿ ಇರುವಂಥವು, ಇಲ್ಲವೇ ಇಲ್ಲದ್ದರಿಂದ ಎಂಟು ಬೆರಳುಗಳು ಸುಮ್ಮನೆ ಹಿಂದೆ ಆತುಕೊಂಡಿರುತ್ತವೆ, ಎಲ್ಲ ಕೆಲಸವೂ ಎರಡು ಹೆಬ್ಬೆರಳುಗಳ ತಲೆಗೆ ಬರುತ್ತದೆ.

ಪರದೆಯ ವಿಷಯದಲ್ಲಿ ಬೆಸುಗೆ ಇನ್ನಷ್ಟು ಎದ್ದು ಕಾಣುತ್ತದೆ. 176 ಪಿಕ್ಸೆಲ್ ಅಗಲ, 208 ಪಿಕ್ಸೆಲ್ ಎತ್ತರ, 4096 ಬಣ್ಣಗಳು: ಇದು ನೋಕಿಯಾದ ಸೀರೀಸ್ 60 ಫೋನುಗಳಿಗೆಲ್ಲ ಸಾಮಾನ್ಯವಾಗಿದ್ದ ಅಳತೆ. ಹೆಸರುಗಳ ಪಟ್ಟಿಯನ್ನೂ ಸಂದೇಶಗಳನ್ನೂ ಓದಲು ನಿಂತ ಪರದೆ ಅನುಕೂಲ. ಅಡ್ಡಕ್ಕೆ ಓಡುವ ಆಟಗಳಿಗೆ ಅದೇ ಶತ್ರು. ಗೇಮ್ ಬಾಯ್ ಅಡ್ವಾನ್ಸ್‌ನ ಪರದೆ 240ಕ್ಕೆ 160 ಪಿಕ್ಸೆಲ್‌ನ ಅಡ್ಡ ಪರದೆ. ಅದಕ್ಕಾಗಿ ಹುಟ್ಟಿದ ಸೋನಿಕ್ ಆಟವನ್ನು ‘ಸೋನಿಕ್ ಎನ್’ ಎಂಬ ಹೆಸರಿನಲ್ಲಿ ಇಲ್ಲಿಗೆ ತಂದಾಗ, ವೇಗವೇ ಜೀವಾಳವಾದ ಆ ಪಾತ್ರಕ್ಕೆ ಮುಂದೆ ಬರುವ ಮುಳ್ಳೂ ಹಳ್ಳವೂ ತಡವಾಗಿ ಕಾಣುವಂತಾಯಿತು. ಕಿಟಕಿಯ ಸಂದಿಯಿಂದ ಓಟದ ಸ್ಪರ್ಧೆ ನೋಡಿದ ಹಾಗೆ.

ಆದರೂ ಮೂರು ಆಯಾಮದ ಆಟಗಳನ್ನು ಇದರಲ್ಲಿ ಮೊದಲ ಬಾರಿ ನೋಡಿದವರಿಗೆ ಆದ ಬೆರಗನ್ನು ಅಲ್ಲಗಳೆಯುವಂತಿಲ್ಲ. 1996ರಲ್ಲಿ ದೊಡ್ಡ ಯಂತ್ರಗಳಿಗೆ ಬಂದ ‘ಟೂಂಬ್ ರೈಡರ್’, ಏಳು ವರ್ಷಗಳ ನಂತರ ಜೇಬಿನಲ್ಲಿ ಹಿಡಿಯುವ ಫೋನಿನೊಳಗೆ ಹೆಚ್ಚು ಕಡಿಮೆ ಇಡಿಯಾಗಿ ಕುಳಿತದ್ದು ಸಣ್ಣ ಸಾಧನೆಯಲ್ಲ. ಎಲ್ಲ ಆಟಗಳೂ ಅಷ್ಟು ಗೆದ್ದವೆಂದಲ್ಲ. 2004ರ ‘ಶ್ಯಾಡೋಕೀ’ಯಲ್ಲಿ ವಿಶಾಲವಾದ ಲೋಕವಿದೆಯಾದರೂ ಕೆಲವೇ ಹೆಜ್ಜೆಗಳಾಚೆ ಎಲ್ಲವೂ ಕತ್ತಲಲ್ಲಿ ಕರಗಿಹೋಗುತ್ತದೆ, ಪ್ರೊಸೆಸರಿನ ದಣಿವನ್ನು ರಾತ್ರಿಯ ನೆಪದಲ್ಲಿ ಮುಚ್ಚಿಟ್ಟಂತೆ. ನನ್ನ ಮಟ್ಟಿಗೆ ಈ ಸಾಧನದ ಅತ್ಯುತ್ತಮ ಆಟ ಅದೇ ವರ್ಷದ ‘ಪಾತ್‌ವೇ ಟು ಗ್ಲೋರಿ’. ಫಿನ್ಲೆಂಡಿನ ರೆಡ್‌ಲಿಂಕ್ಸ್ ಸಂಸ್ಥೆ ಎನ್-ಗೇಜ್‌ಗೆಂದೇ ರಚಿಸಿದ, ಎರಡನೆಯ ಮಹಾಯುದ್ಧದ ಹಿನ್ನೆಲೆಯ ಈ ಆಟದಲ್ಲಿ ಸರದಿಯ ಪ್ರಕಾರ ನಡೆಗಳನ್ನು ಇಡಬೇಕು. ಹೆಬ್ಬೆರಳಿನ ಚುರುಕು ಇಲ್ಲಿ ಮುಖ್ಯವಲ್ಲ, ನಿಂತ ಪರದೆ ತೊಡಕಲ್ಲ, ನಡುವೆ ಕರೆ ಬಂದರೆ ಯುದ್ಧವೇನೂ ಸೋತುಹೋಗುವುದಿಲ್ಲ. ಬೇರೆಡೆ ಹುಟ್ಟಿದ ಆಟಗಳನ್ನು ಹಿಗ್ಗಿಸಿ ಕುಗ್ಗಿಸಿ ತರುವ ಬದಲು ಫೋನಿನ ಸ್ವಭಾವವನ್ನು ಅರಿತು ಆಟ ಕಟ್ಟಿದರೆ ಏನಾಗುತ್ತದೆಂಬುದನ್ನು ಇದು ತೋರಿಸಿತು. ಅಂಥ ಆಟಗಳು ಕಡಿಮೆ ಬಂದವು, ಬಂದವೂ ತಡವಾಗಿ ಬಂದವು.

ಇನ್ನು ದೂರವಾಣಿಯ ಭಾಗ. ಸಿಂಬಿಯನ್ ಕಾರ್ಯವ್ಯವಸ್ಥೆ, ಮಿಂಚಂಚೆ, ಎಂಪಿ3 ಹಾಡುಗಳು, ಎಫ್‌ಎಂ ರೇಡಿಯೋ, ಹೊಸ ತಂತ್ರಾಂಶಗಳನ್ನು ಅಳವಡಿಸಿಕೊಳ್ಳುವ ಅವಕಾಶ, ಇವೆಲ್ಲ 2003ರ ಮಟ್ಟಿಗೆ ಸಮೃದ್ಧಿಯೇ ಸರಿ. ಆಟದ ನಡುವೆ ಕರೆ ಬಂದರೆ ಆಟ ಹಿಂದೆ ಸರಿದು ನಿಲ್ಲುತ್ತದೆ, ಮಾತು ಮುಗಿದ ಮೇಲೆ ನಿಂತಲ್ಲಿಂದಲೇ ಮುಂದುವರಿಯಬಹುದು. ಹಲವು ಕೆಲಸಗಳನ್ನು ಒಟ್ಟಿಗೆ ನಿಭಾಯಿಸಬಲ್ಲ ವ್ಯವಸ್ಥೆಯ ಲಾಭ ಇಲ್ಲಿ ಚೆನ್ನಾಗಿ ಒದಗಿದೆ. ಕಷ್ಟವಿರುವುದು ಕರೆಯನ್ನು ಸ್ವೀಕರಿಸುವ ಭಂಗಿಯಲ್ಲಿ. ಕೇಳುವ ರಂಧ್ರವನ್ನೂ ಮಾತಾಡುವ ರಂಧ್ರವನ್ನೂ ಸಾಧನದ ಮುಖದಲ್ಲಿ ಇಡದೆ ತೆಳುವಾದ ಅಂಚಿನಲ್ಲಿ ಇಟ್ಟಿರುವುದರಿಂದ, ಫೋನಿನ ಅಂಚನ್ನು ಕೆನ್ನೆಗೆ ಆನಿಸಿ, ಅದರ ಮುಖ ಹೊರಗೆ ಚಾಚಿಕೊಳ್ಳುವಂತೆ ಹಿಡಿದು ಮಾತಾಡಬೇಕು. ದೂರದಿಂದ ನೋಡಿದವರಿಗೆ ಅದು ಟಾಕೊ ಎಂಬ ಮಡಚಿದ ಮೆಕ್ಸಿಕನ್ ರೊಟ್ಟಿಯನ್ನು ಕಿವಿಗೆ ಹಿಡಿದುಕೊಂಡಂತೆ ಕಾಣುತ್ತಿತ್ತಾದ್ದರಿಂದ ‘ಟಾಕೊ ಫೋನ್’ ಎಂಬ ಅಡ್ಡಹೆಸರು ಬಿದ್ದಿತು. ಕೈಗೆ ಸಿಕ್ಕ ಸಾಮಾನನ್ನೆಲ್ಲ ಅದೇ ಭಂಗಿಯಲ್ಲಿ ಕಿವಿಗೆ ಹಿಡಿದು ಚಿತ್ರ ತೆಗೆಸಿಕೊಂಡು ಅಂತರ್ಜಾಲದಲ್ಲಿ ಹಾಕುವ ಗೀಳೂ ಹಬ್ಬಿತು. ಧ್ವನಿ ಸ್ಪಷ್ಟವಾಗಿಯೇ ಕೇಳುತ್ತದೆ ಎಂಬ ಮಾತನ್ನು ಆ ನಗೆಯ ನಡುವೆ ಕೇಳಿಸಿಕೊಳ್ಳುವವರು ಇರಲಿಲ್ಲ. ಫೋನೆಂಬುದು ನಾಲ್ಕು ಜನರ ಎದುರು ಬಳಸುವ ವಸ್ತು. ಬಳಸುವವರನ್ನು ಪೇಚಿಗೆ ಸಿಕ್ಕಿಸುವ ಫೋನಿಗೆ ಎಷ್ಟು ಗುಣಗಳಿದ್ದರೂ ಸಾಲದು.

ಎರಡು ಭಾಗಗಳು ಒಂದಕ್ಕೊಂದು ತೊಡರುಗಾಲಾಗದೆ ಹೆಗಲು ಕೊಟ್ಟದ್ದು ಒಂದು ಕಡೆ ಮಾತ್ರ, ಆದರೆ ಅಲ್ಲಿ ಎನ್-ಗೇಜ್ ತನ್ನ ಕಾಲದ ಕೈಯಾಟದ ಯಂತ್ರಗಳಿಗಿಂತ ನಿಜವಾಗಿಯೂ ಮುಂದಿತ್ತು. ಅಂದಿನ ಗೇಮ್ ಬಾಯ್‌ಗಳಲ್ಲಿ ಇಬ್ಬರು ಸೇರಿ ಆಡಬೇಕಾದರೆ ಸಾಮಾನ್ಯವಾಗಿ ತಂತಿ ಬೇಕಾಗುತ್ತಿತ್ತು. ಇಲ್ಲಿ ಫೋನಿಗೆಂದು ಹೇಗೂ ಇದ್ದ ಬ್ಲೂಟೂತ್, ಆಟಗಾರರನ್ನು ತಂತಿಯಿಲ್ಲದೆ ಕೂಡಿಸಿತು. ಒಂದೇ ಕೋಣೆಯಲ್ಲಿ ನಾಲ್ಕು ಜನ ಅಲ್ಲಲ್ಲಿ ಕುಳಿತು ಪರಸ್ಪರ ಬೇಟೆಯಾಡುವ ಆ ಸುಖ ಹೊಸದು. ಅದನ್ನೂ ಮೀರಿ, ಜಿಪಿಆರ್‌ಎಸ್ ಎಂಬ ಅಂದಿನ ಮೊಬೈಲ್ ಅಂತರ್ಜಾಲ ಸಂಪರ್ಕದ ಮೂಲಕ ‘ಎನ್-ಗೇಜ್ ಅರೇನಾ’ ಎಂಬ ಸೇವೆಗೆ ಹೋಗಿ ಅಂಕಗಳನ್ನು ದಾಖಲಿಸಬಹುದಿತ್ತು, ಕೆಲವು ಆಟಗಳಲ್ಲಿ ದೂರದೂರಿನ ಅಪರಿಚಿತರೊಡನೆ ಸೆಣಸಬಹುದಿತ್ತು. 2004ರ ‘ಪಾಕೆಟ್ ಕಿಂಗ್‌ಡಮ್’ ಎಂಬ ಆಟವಂತೂ ಈ ಜಾಲದ ಮೇಲೆಯೇ ನಿಂತಿತ್ತು. ಇಂದು ಮೊಬೈಲಿನ ಆಟವೆಂದರೆ ಎದುರಾಳಿ ಎಲ್ಲೋ ಇರುತ್ತಾನೆ ಎಂದೇ ಅರ್ಥ. ಆ ಅರ್ಥವನ್ನು ನೋಕಿಯಾ ನಿಧಾನ ಜಾಲದ, ಬೈಟ್ ಲೆಕ್ಕದಲ್ಲಿ ಹಣ ತೆರಬೇಕಾದ ದಿನಗಳಲ್ಲಿಯೇ ಊಹಿಸಿತ್ತು.

ಬ್ಯಾಟರಿಯ ಬಗ್ಗೆ ಹೇಳುವಾಗ ಎರಡು ಕೊಕ್ಕು, ಒಂದೇ ಹೊಟ್ಟೆಯ ಹಕ್ಕಿಯ ಕಥೆ ನೆನಪಾಗುತ್ತದೆ. ಒಂದು ಕೊಕ್ಕು ತಿಂದದ್ದರ ಫಲವನ್ನು ಇನ್ನೊಂದೂ ಉಣ್ಣಬೇಕು. ಬರೀ ಆಟದ ಯಂತ್ರದ ಬ್ಯಾಟರಿ ಮುಗಿದರೆ ಆಟ ನಿಲ್ಲುತ್ತದೆ, ಅಷ್ಟೇ. ಇಲ್ಲಿ 850 ಎಂಎಎಚ್‌ನ ಬ್ಯಾಟರಿಯನ್ನು ಆಟ ಖಾಲಿ ಮಾಡಿದರೆ ಮನೆಯವರ ಕರೆಯೂ ನಿಲ್ಲುತ್ತದೆ. ಹೀಗಾಗಿ ಆಡುವಾಗಲೆಲ್ಲ ಕಣ್ಣು ಪರದೆಯ ಮೂಲೆಯ ಬ್ಯಾಟರಿ ಗುರುತಿನತ್ತ ಹೊರಳುತ್ತಿರುತ್ತದೆ. ಈ ಅಂಜಿಕೆ ಎನ್-ಗೇಜ್‌ನದ್ದು ಮಾತ್ರವಲ್ಲ, ಇಂದಿನ ಫೋನುಗಳಿಗೂ ಅಂಟಿಕೊಂಡೇ ಬಂದಿದೆ.

2004ರಲ್ಲಿ ಬಂದ ಎನ್-ಗೇಜ್ ಕ್ಯೂಡಿ ಮಾದರಿ, ಟೀಕೆಗಳನ್ನು ಒಂದೊಂದಾಗಿ ಓದಿ ಉತ್ತರ ಬರೆದಂತಿದೆ. ಕಾರ್ಡಿನ ಕಿಂಡಿ ಹೊರಬದಿಗೆ ಬಂದಿತು, ಫೋನನ್ನು ಆಫ್ ಮಾಡದೆಯೇ ಆಟ ಬದಲಿಸಲು ಸಾಧ್ಯವಾಯಿತು; ಮುಖವನ್ನು ಕೆನ್ನೆಗೆ ಇಟ್ಟು ಎಲ್ಲರಂತೆ ಮಾತಾಡುವ ಹಾಗಾಯಿತು; ಗಾತ್ರ ಕುಗ್ಗಿತು, ಬ್ಯಾಟರಿ 1070 ಎಂಎಎಚ್‌ಗೆ ಏರಿತು. ಆದರೆ ಬೆಲೆ ಇಳಿಸುವ ಭರದಲ್ಲಿ ಎಂಪಿ3 ಸೌಲಭ್ಯವನ್ನೂ ಎಫ್‌ಎಂ ರೇಡಿಯೋವನ್ನೂ ಯುಎಸ್‌ಬಿ ಸಂಪರ್ಕವನ್ನೂ ಕಿತ್ತುಹಾಕಲಾಯಿತು. ಪರದೆ ಮಾತ್ರ ಅದೇ ನಿಂತ ಪರದೆ. ಆಡಲು ಕ್ಯೂಡಿ, ಉಳಿದೆಲ್ಲಕ್ಕೂ ಹಳೆಯದು ಎಂಬ ವಿಚಿತ್ರ ಸ್ಥಿತಿ. ಎರಡರಲ್ಲಿ ಒಂದನ್ನು ಆರಿಸೆಂದರೆ ನಾನು ಕ್ಯೂಡಿಯನ್ನೇ ಎತ್ತಿಕೊಳ್ಳುತ್ತೇನೆ.

ಮಾರುಕಟ್ಟೆಯ ಕಥೆಯನ್ನು ಚುಟುಕಾಗಿ ಹೇಳಬಹುದು. ಅಮೆರಿಕದಲ್ಲಿ ಇದರ ಆರಂಭಿಕ ಬೆಲೆ 299 ಡಾಲರ್. ಅದೇ ವರ್ಷ ಬಂದ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಸುಮಾರು 100 ಡಾಲರ್‌ಗೆ ಸಿಗುತ್ತಿತ್ತು. ಆಟವಾಡುವ ಮಕ್ಕಳಿಗೆ ಇದು ದುಬಾರಿ, ಫೋನು ಕೊಳ್ಳುವ ದೊಡ್ಡವರಿಗೆ ಆಟಿಕೆ. ನೋಕಿಯಾ ನಿರೀಕ್ಷಿಸಿದಷ್ಟು ಅದು ಮಾರಾಟವಾಗಲಿಲ್ಲ. 2008ರಲ್ಲಿ ಕಂಪನಿ ಎನ್-ಗೇಜ್ ಎಂಬ ಹೆಸರನ್ನು ಎನ್95ರಂಥ ತನ್ನ ಸಾಮಾನ್ಯ ಫೋನುಗಳ ಆಟದ ಸೇವೆಗೆ ಇಟ್ಟು ಮತ್ತೊಮ್ಮೆ ಯತ್ನಿಸಿತಾದರೂ, 2009ರ ಕೊನೆಯ ವೇಳೆಗೆ ಅದನ್ನೂ ಮುಚ್ಚುವುದಾಗಿ ಹೇಳಬೇಕಾಯಿತು.

ಇದೇ ಬೆಸುಗೆಯನ್ನು ಅನಂತರದವರು ಹೇಗೆ ಹಾಕಿದರೆಂದು ನೋಡಿದರೆ ಎನ್-ಗೇಜ್‌ನ ಕಷ್ಟ ಇನ್ನೂ ಚೆನ್ನಾಗಿ ತಿಳಿಯುತ್ತದೆ. 2011ರ ಸೋನಿ ಎರಿಕ್ಸನ್ ಎಕ್ಸ್‌ಪೀರಿಯಾ ಪ್ಲೇ ಎರಡನ್ನೂ ಬೇರೆ ಬೇರೆ ಮಹಡಿಯಲ್ಲಿ ಇಟ್ಟಿತು: ಮುಚ್ಚಿದರೆ 4 ಇಂಚು ಪರದೆಯ ಆಂಡ್ರಾಯ್ಡ್ ಫೋನು, ಜಾರಿಸಿ ತೆರೆದರೆ ಅಡಿಯಿಂದ ದಿಕ್ಕಿನ ಗುಂಡಿ, ಪ್ಲೇಸ್ಟೇಷನ್ ಚಿಹ್ನೆಗಳ ನಾಲ್ಕು ಗುಂಡಿಗಳು ಮತ್ತು ಅಂಚಿನ ಭುಜದ ಗುಂಡಿಗಳು. ಹೆಬ್ಬೆರಳಿಗೆ ಇದು ನಿಜವಾದ ನ್ಯಾಯ. ಅದಕ್ಕೆ ತೆತ್ತ ಬೆಲೆ 16 ಮಿಲಿಮೀಟರ್ ದಪ್ಪ ಮತ್ತು 175 ಗ್ರಾಂ ತೂಕ. ಎಲ್ಲ ದಿಕ್ಕಿಗೂ ವಾಲಿಸಬಹುದಾದ ಅನಲಾಗ್ ಕಡ್ಡಿಗಳ ಬದಲಿಗೆ ಇಟ್ಟ ಸ್ಪರ್ಶಫಲಕಗಳು ಬೆರಳಿಗೆ ಯಾವ ಸುಳಿವನ್ನೂ ಕೊಡುವುದಿಲ್ಲ. 2018ರ ಏಸುಸ್ ಆರ್‌ಒಜಿ ಫೋನ್ ಗುಂಡಿಗಳನ್ನೇ ಕೈಬಿಟ್ಟಿತು. ಅಡ್ಡ ಹಿಡಿದಾಗ ತೋರುಬೆರಳುಗಳು ಬರುವ ಜಾಗದಲ್ಲಿ ಸ್ಪರ್ಶವನ್ನು ಗುರುತಿಸುವ ಸಂವೇದಕಗಳು, ಚಾರ್ಜು ಮಾಡುತ್ತ ಆಡುವಾಗ ತಂತಿ ಅಂಗೈಗೆ ಚುಚ್ಚದಂತೆ ಬದಿಯಲ್ಲಿ ಇನ್ನೊಂದು ಯುಎಸ್‌ಬಿ ಕಿಂಡಿ, ಬಿಸಿಗೆ ಹೊರಗಿನಿಂದ ಸಿಕ್ಕಿಸುವ ಪುಟ್ಟ ಫ್ಯಾನು. ಆ ಬದಿಯ ಕಿಂಡಿಯನ್ನು ನೋಡಿದಾಗಲೆಲ್ಲ, ಇದನ್ನು ಯೋಚಿಸಿದವರು ಗಂಟೆಗಟ್ಟಲೆ ಆಡಿದವರೇ ಇರಬೇಕೆಂದು ಅನ್ನಿಸುತ್ತದೆ. ಎನ್-ಗೇಜ್‌ನ ಕಾರ್ಡಿನ ಕಿಂಡಿಯನ್ನು ನೋಡಿದಾಗ ಹಾಗೆ ಅನ್ನಿಸುವುದಿಲ್ಲ.

ಈಗ ಯಾರಾದರೂ ಹಳೆಯ ಎನ್-ಗೇಜನ್ನು ಕೊಳ್ಳಲು ಹೊರಟರೆ ಒಂದು ತಮಾಷೆಯನ್ನು ಗಮನಿಸಬೇಕು. ಇದು ಎರಡನೇ ತಲೆಮಾರಿನ ಜಿಎಸ್‌ಎಂ ಫೋನು. ಹಲವು ದೇಶಗಳಲ್ಲಿ ಆ ಜಾಲಗಳನ್ನೇ ನಿಲ್ಲಿಸಿರುವುದರಿಂದ ಅಲ್ಲೆಲ್ಲ ಇದರ ದೂರವಾಣಿಯ ಅರ್ಧ ಸತ್ತುಹೋಗಿದೆ, ಅರೇನಾ ಸೇವೆಯೂ ಇಲ್ಲ. ಉಳಿದಿರುವುದು ಆಟದ ಅರ್ಧ, ಮತ್ತು ಪಕ್ಕದವರ ಎನ್-ಗೇಜ್ ಜೊತೆ ಈಗಲೂ ಮಾತಾಡಬಲ್ಲ ಬ್ಲೂಟೂತ್. ಆದ್ದರಿಂದ ಕೊಳ್ಳುವುದಾದರೆ ಎರಡನ್ನು ಕೊಳ್ಳುವುದೇ ಮೇಲು. ಮೊದಲ ಮಾದರಿಗೆ ಬೇಕಾದ ಬಿಎಲ್-5ಸಿ ಬ್ಯಾಟರಿ ಸಣ್ಣ ರೇಡಿಯೋ, ಸ್ಪೀಕರುಗಳಲ್ಲಿಯೂ ಬಳಕೆಯಾಗುವುದರಿಂದ ಹೊಸದು ಸುಲಭವಾಗಿ ಸಿಗುತ್ತದೆ. ಪರೀಕ್ಷಿಸುವಾಗ 5 ಮತ್ತು 7ನೇ ಗುಂಡಿಗಳನ್ನು ಒತ್ತಿ, ಅವು ಅಕ್ಕಪಕ್ಕದವುಗಳಷ್ಟೇ ಗಟ್ಟಿಯಾಗಿ ಮೇಲೇಳುತ್ತವೆಯೇ ಎಂದು ನೋಡಿಕೊಳ್ಳಿ. ಬಳಿಕ ಹಿಂಬದಿಯ ಮುಚ್ಚಳವನ್ನು ಎರಡು ಮೂರು ಬಾರಿ ತೆಗೆದು ಹಾಕಿ ನೋಡಿ. ಪ್ರತಿ ಆಟಕ್ಕೂ ಒಮ್ಮೆ ಬಿಚ್ಚಿಸಿಕೊಂಡ ಮುಚ್ಚಳ ಅದು.