ಹಳೇ ಎಂಜಿನ್ ಆಯಿಲ್ ಇಳಿಸೋಕೆ ಬೋಲ್ಟಾ, ಪಂಪಾ, ವಾಲ್ವಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ವಾಲ್ವ್‌ಗೆ. ಸಂಪಿನ, ಅಂದರೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಬಟ್ಟಲಿನ, ಡ್ರೈನ್ ಬೋಲ್ಟ್ ತೆಗೆದು ಅದೇ ತೂತಿಗೆ ತಿರುಗಿಸಿ ಕೂರಿಸುವ, ಹೆಬ್ಬೆರಳು ಗಾತ್ರದ ಹಿತ್ತಾಳೆ ವಾಲ್ವ್ ಅದು. ಆದರೆ ಅದನ್ನು ಕೊಳ್ಳುವ ಮೊದಲು ವ್ಯಾಕ್ಯೂಮ್ ಪಂಪ್ ತಂದು ದುಡ್ಡು ಕಳೆದುಕೊಂಡೆ. ಆ ಸಿಟ್ಟು ಇನ್ನೂ ಹೋಗಿಲ್ಲ, ಹಾಗಾಗಿ ಪಂಪಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ನನ್ನದು ಒಂದೇ ಡೀಸೆಲ್ ಲಾರಿ, ಮಧ್ಯಮ ಗಾತ್ರದ್ದು. ಫಿಲ್ಟರ್ ಸೇರಿ 14 ಲೀಟರ್ ಆಯಿಲ್ ಹಿಡಿಯುತ್ತದೆ. ಸರ್ವೀಸ್ ನಾನೇ ಮಾಡಿಕೊಳ್ಳುತ್ತೇನೆ, ಜೊತೆಗೆ ಕೈ ಜೋಡಿಸುವವರು ಯಾರೂ ಇಲ್ಲ.

ಬೋಲ್ಟ್ ಬಿಚ್ಚಿ ತೊಟ್ಟಿಗೆ ಬಿಡುವುದು ಎಲ್ಲರಿಗೂ ಗೊತ್ತಿರುವ ದಾರಿ. ಖರ್ಚಿಲ್ಲ, ಐದಾರು ನಿಮಿಷದಲ್ಲಿ ಸಂಪ್ ಖಾಲಿ. ತೂತು ದೊಡ್ಡದು, ತಳದಲ್ಲಿ ಕೂತ ಗಸಿಯೂ ಹರಿದು ಬರುತ್ತದೆ. ತೊಂದರೆ ಇರುವುದು ಕೊನೆಯ ಒಂದು ಸುತ್ತಿನಲ್ಲಿ. ಬೆರಳಲ್ಲಿ ಒತ್ತಿ ಹಿಡಿದು ತಿರುಗಿಸುತ್ತಾ ಇರುತ್ತೀರಿ, ಬಿಸಿ ಆಯಿಲ್ ಸರ್ರನೆ ಮಣಿಕಟ್ಟಿನ ಮೇಲೆ ಇಳಿಯುತ್ತದೆ, ಕೈ ತನ್ನಷ್ಟಕ್ಕೆ ಹಿಂದೆ ಬರುತ್ತದೆ, ಬೋಲ್ಟ್ ತೊಟ್ಟಿಯೊಳಗೆ ಬುಳಕ್. ಆಮೇಲೆ ಮೊಣಕೈವರೆಗೂ ಕಪ್ಪು ಆಯಿಲ್‌ನಲ್ಲಿ ತಡಕಾಡಬೇಕು. ಹಳೇ ಎಂಜಿನ್ ಆಯಿಲ್ ವರ್ಷಗಟ್ಟಲೆ ಚರ್ಮಕ್ಕೆ ತಾಗುತ್ತಿದ್ದರೆ ಕ್ಯಾನ್ಸರ್ ಬರುವ ಅಪಾಯ ಇದೆ, ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ.

ಇನ್ನೊಂದು, ಅಲ್ಯೂಮಿನಿಯಂ ಸಂಪ್ ಆಗಿದ್ದರೆ ಪ್ರತಿ ಸಲ ಬಿಚ್ಚಿ ಬಿಗಿ ಮಾಡಿ ಥ್ರೆಡ್ ಸವೆಯುತ್ತದೆ. ನನ್ನದು ಒಮ್ಮೆ ಸ್ಲಿಪ್ ಆಗಿ ಹೊಸ ಥ್ರೆಡ್ ಹಾಕಿಸಬೇಕಾಯಿತು. ತಪ್ಪು ನನ್ನದೇ. ಸೋರುತ್ತಿದ್ದುದು ಹಳೇ ವಾಷರ್‌ನಿಂದ, ನಾನು ಬೋಲ್ಟನ್ನು ಇನ್ನಷ್ಟು ಬಿಗಿ ಮಾಡುತ್ತಾ ಹೋದೆ.

ಆಗಲೇ ಪಂಪಿನ ಆಸೆ ಹುಟ್ಟಿದ್ದು. ಆಯಿಲ್ ಮಟ್ಟ ನೋಡುವ ಕಡ್ಡಿ, ಅದೇ ಡಿಪ್‌ಸ್ಟಿಕ್, ತೆಗೆದು ಆ ಕೊಳವೆಯೊಳಗೆ ಸಣ್ಣ ಟ್ಯೂಬ್ ಇಳಿಸಿ, ಕೈಯಲ್ಲಿ ನಾಲ್ಕು ಸಲ ಒತ್ತಿದರೆ ಆಯಿಲ್ ತಾನಾಗಿ ಮೇಲೆ ಬರುತ್ತದೆ, ಕೆಳಗೆ ಮಲಗುವ ಕೆಲಸವೇ ಇಲ್ಲ. ಕೇಳೋಕೆ ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನಿಸಿತ್ತು.

ಡಿಪ್‌ಸ್ಟಿಕ್ ಕೊಳವೆ ನೆಟ್ಟಗೆ ಇರುವುದಿಲ್ಲ. ನನ್ನ ಎಂಜಿನ್‌ನಲ್ಲಿ ಅದಕ್ಕೆ ಎರಡು ತಿರುವು. ಎರಡನೇ ತಿರುವಿನಲ್ಲಿ ಟ್ಯೂಬ್ ಸಿಕ್ಕಿಕೊಂಡಿತು. ತಿರುಚಿ ತಿರುಚಿ ಒಳಗೆ ನೂಕಿದೆ. ಈಗ ಅದರ ತುದಿ ಸಂಪಿನ ತಳ ಮುಟ್ಟಿದೆಯಾ, ಇಲ್ಲ ಒಳಗೇ ಮೇಲಕ್ಕೆ ಸುರುಳಿ ಸುತ್ತಿದೆಯಾ ಅಂತ ತಿಳಿಯುವುದು ಹೇಗೆ? ದಾರಿಯೇ ಇಲ್ಲ. ಆಯಿಲ್ ಬರುತ್ತಾ ಬರುತ್ತಾ ಸೊರ್ ಸೊರ್ ಅಂತ ಗಾಳಿ ಎಳೆಯತೊಡಗಿತು. ಮುಗಿಯಿತು ಅಂದುಕೊಂಡೆ. ಒಂದಿಂಚು ಹಿಂದಕ್ಕೆ ಎಳೆದರೆ ಮತ್ತೆ ಆಯಿಲ್. ಇನ್ನೊಂದಿಂಚು ಎಳೆದರೆ ಮತ್ತೆ ಗಾಳಿ. ಮಧ್ಯೆ ಪಂಪಿನ 6 ಲೀಟರ್ ಡಬ್ಬ ತುಂಬಿತು, ಅದನ್ನು ಖಾಲಿ ಮಾಡಿ ಮತ್ತೆ ಶುರು ಮಾಡಬೇಕು. ಅಷ್ಟರಲ್ಲಿ ಬಿಸಿಗೆ ಪ್ಲಾಸ್ಟಿಕ್ ಟ್ಯೂಬ್ ಮೆತ್ತಗಾಗಿ ಚಪ್ಪಟೆಯಾಗಿತ್ತು. ಸರಿ, ಸ್ವಲ್ಪ ಆರಲಿ ಅಂತ ಬಿಟ್ಟೆ. ಆರಿದ ಮೇಲೆ 15ಡಬ್ಲ್ಯೂ-40 ದರ್ಜೆಯ ಮಂದ ಆಯಿಲ್ ಅಷ್ಟು ಸಣ್ಣ ಟ್ಯೂಬಿನಲ್ಲಿ ಮೇಲೆ ಏಳುವುದೇ ಇಲ್ಲ! ಬಿಸಿಯಿದ್ದರೆ ಟ್ಯೂಬಿಗೆ ಆಗದು, ತಣ್ಣಗಿದ್ದರೆ ಆಯಿಲ್‌ಗೆ ಆಗದು.

ಒಂದು ಗಂಟೆಯ ಮೇಲೆ ಅಳೆದು ನೋಡಿದೆ. ಹತ್ತೂವರೆ ಲೀಟರ್. ಫಿಲ್ಟರ್‌ನಲ್ಲಿ ಒಂದೂವರೆ ಸಿಕ್ಕಿತು. ಉಳಿದ 2 ಲೀಟರ್ ಎಲ್ಲಿ? ಮನಸ್ಸು ತಡೆಯದೆ ಕೆಳಗೆ ತೂರಿ ಬೋಲ್ಟ್ ಬಿಚ್ಚಿದೆ. ಹೆಚ್ಚುಕಮ್ಮಿ ಅಷ್ಟೇ ಇಳಿಯಿತು, ಕೊನೆಕೊನೆಗೆ ಡಾಂಬರಿನ ಹಾಗೆ ಗಟ್ಟಿಯಾಗಿ. ಹಾಗೇ ಬಿಟ್ಟಿದ್ದರೆ ಹೊಸ ಆಯಿಲ್‌ನ ಏಳರಲ್ಲಿ ಒಂದು ಪಾಲು ಹಳೇ ಮಸಿಯೇ ಆಗಿರುತ್ತಿತ್ತು, ಅದೂ ಇರುವುದರಲ್ಲೇ ಕೊಳಕು ಪಾಲು.

ಆಮೇಲೆ ಹೊಳೆದದ್ದು ಇನ್ನೂ ನಗು ತರಿಸಿತು. ಕೆಳಗೆ ನುಗ್ಗಬೇಕಿಲ್ಲ, ಜ್ಯಾಕ್ ಹಾಕಬೇಕಿಲ್ಲ ಅನ್ನುವುದೇ ಪಂಪಿನ ದೊಡ್ಡ ಗುಣ. ಆದರೆ ಲಾರಿ ಮೊದಲೇ ಎತ್ತರ, ಅದಕ್ಕೆ ಜ್ಯಾಕ್ ಯಾಕೆ? ನನ್ನ ಲಾರಿಯ ಫಿಲ್ಟರ್ ಇರುವುದೂ ಕೆಳಗೇ, ಹೇಗೂ ಮಲಗಲೇಬೇಕು. ಮೇಲಿನಿಂದಲೇ ಎಳೆಯುವಂತೆ ಮಾಡಿದ ಕಾರುಗಳಿಗೆ ಪಂಪ್ ಒಳ್ಳೆಯದು. ಲಾರಿಗಲ್ಲ.

ಇನ್ನು ವಾಲ್ವ್. ಒಮ್ಮೆ ಕೂರಿಸಿದರೆ ಆಮೇಲೆ ಸ್ಪ್ಯಾನರ್ ಮುಟ್ಟುವ ಕೆಲಸ ಕಡಿಮೆ. ಮೂತಿಗೆ ಪೈಪ್ ಸಿಕ್ಕಿಸಿ, ಪೈಪಿನ ಇನ್ನೊಂದು ತುದಿ ಸೀದಾ ಕ್ಯಾನ್ ಬಾಯಿಗೆ ಇಟ್ಟು, ಲಿವರ್ ಕಾಲು ಸುತ್ತು ತಿರುಗಿಸಿದರೆ ಆಯಿತು. ಕೈಗೆ ಒಂದು ಹನಿ ಅಂಟುವುದಿಲ್ಲ. ನಿಧಾನ ಹೌದು, 20 ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ನಾನು ಗ್ರೀಸ್ ಹೊಡೆದು ಏರ್ ಫಿಲ್ಟರ್ ನೋಡಿಕೊಳ್ಳುತ್ತೇನೆ. ಆಯಿಲ್ ಟೆಸ್ಟಿಗೆ ಸ್ಯಾಂಪಲ್ ಬೇಕಿದ್ದರೆ ಹರಿವಿನ ಮಧ್ಯದಲ್ಲಿ ಬಾಟಲಿ ಹಿಡಿದರೆ ಸಾಕು.

ಕುಂದೂ ಇದೆ. ವಾಲ್ವಿನ ಒಳತುದಿ ಸಂಪಿನ ತಳಕ್ಕಿಂತ ಕೊಂಚ ಮೇಲೆ ನಿಲ್ಲುವುದರಿಂದ ಒಂದಿಷ್ಟು ಗಸಿ ಉಳಿಯುತ್ತದೆ. ಅದಕ್ಕೇ ಮೂರು ಸರ್ವೀಸಿಗೊಮ್ಮೆ ವಾಲ್ವನ್ನೇ ಬಿಚ್ಚಿ ತಳ ಖಾಲಿ ಮಾಡುತ್ತೇನೆ. ಲಿವರ್ ತಾನಾಗಿ ತೆರೆಯದಂತೆ ಕ್ಲಿಪ್ ಇರುವುದನ್ನೇ ಕೊಳ್ಳಿ. ಕೂರಿಸಿದ ಮೇಲೆ ಅದು ಸಂಪಿಗಿಂತ ಕೆಳಗೆ ಜೋತುಬಿದ್ದರೆ ಬೇಡವೇ ಬೇಡ. ಒಂದು ಕಲ್ಲು ಬಡಿದರೆ ಎಂಜಿನ್ನೇ ಹೋಯಿತು.

ಆದರೆ ವಾಲ್ವ್ ಗೆದ್ದಿದ್ದು ಕೈ ಕೊಳೆಯಾಗದ್ದಕ್ಕೆ ಮಾತ್ರ ಅಲ್ಲ, ಹಳೇ ಆಯಿಲ್ ಶುದ್ಧವಾಗಿ ಉಳಿಯುತ್ತದೆ ಅನ್ನುವುದಕ್ಕೆ. ತೊಟ್ಟಿಯ ಕಾಲದಲ್ಲಿ ಒಮ್ಮೆ ತಳದಲ್ಲಿ ಹಿಂದಿನ ವಾರ ಇಳಿಸಿದ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಉಳಿದಿತ್ತು. ನೋಡದೆ ಅದರ ಮೇಲೇ ಆಯಿಲ್ ಇಳಿಸಿ, ಕೂಡಿಟ್ಟಿದ್ದ ದೊಡ್ಡ ಕ್ಯಾನಿಗೆ ಸುರಿದೆ. ಹಳೇ ಆಯಿಲ್ ಒಯ್ಯುವವರು ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಿ, ಬೇಡ ಅಂತ ಹಾಗೇ ಬಿಟ್ಟು ಹೋದರು. ಕೂಲೆಂಟ್, ಬ್ರೇಕ್ ಆಯಿಲ್, ಪೆಟ್ರೋಲ್ ಬೆರೆತರೆ ಇಡೀ ಕ್ಯಾನ್ ಹಾಳು. ಬೆರೆಯದಿದ್ದರೆ ಅದಕ್ಕೆ ಇನ್ನೊಂದು ಜನ್ಮ ಇದೆ. ಆಯಿಲ್‌ನ ಮೂಲ ಎಣ್ಣೆ ಅಷ್ಟು ಬೇಗ ಹಾಳಾಗುವುದಿಲ್ಲ, ಹಾಳಾಗುವುದು ಅದಕ್ಕೆ ಸೇರಿಸಿದ ರಾಸಾಯನಿಕಗಳು. ರಿಫೈನರಿಯಲ್ಲಿ ನೀರು ತೆಗೆದು, ವ್ಯಾಕ್ಯೂಮ್‌ನಲ್ಲಿ ಬಟ್ಟಿ ಇಳಿಸಿ, ಹೈಡ್ರೋಜನ್ ಜೊತೆ ಹಾಯಿಸಿ ಮತ್ತೆ ಮೂಲ ಎಣ್ಣೆ ಮಾಡುತ್ತಾರೆ.

ಮನೆಯಲ್ಲೇ ಮರುಬಳಕೆ ಮಾಡಿ ನೋಡಿಲ್ಲ ಅಂತಲ್ಲ. ಮರ ಕೊಯ್ಯುವ ಗರಗಸದ ಚೈನಿಗೆ ಬಿಟ್ಟೆ, ಅಂಗಿ ಮುಖ ಎಲ್ಲ ಕಪ್ಪು ಹನಿ. ಚಾಸಿಗೆ ತುಕ್ಕು ಹಿಡಿಯದಿರಲಿ ಅಂತ ಬಳಿದೆ, ಧೂಳು ಮೆತ್ತಿಕೊಂಡಿತು, ರಬ್ಬರ್ ಬುಷ್‌ಗಳು ಊದಿಕೊಂಡವು. ಸೋಸಿ ಡೀಸೆಲ್‌ಗೂ ಬೆರೆಸಿದ್ದೆ, ಮೆಕ್ಯಾನಿಕಲ್ ಡೀಸೆಲ್ ಪಂಪ್ ಇದ್ದ ನನ್ನ ಹಿಂದಿನ ಲಾರಿಯಲ್ಲಿ. ಇದು ತೀರಾ ಹುಚ್ಚು ಯೋಚನೆ ಏನಲ್ಲ, ಕಮಿನ್ಸ್ ಕಂಪನಿಯೇ ಒಂದು ಕಾಲದಲ್ಲಿ ಹಳೇ ಆಯಿಲ್ ಅನ್ನು ಸ್ವಲ್ಪ ಸ್ವಲ್ಪವಾಗಿ ಡೀಸೆಲ್ ಜೊತೆ ಉರಿಸುವ ಸೆಂಟಿನೆಲ್ ಅನ್ನುವ ವ್ಯವಸ್ಥೆ ಕೊಡುತ್ತಿತ್ತು. ನನಗೆ ಮಾತ್ರ ಏರು ರಸ್ತೆಯಲ್ಲಿ ತುಂಬಿದ ಲೋಡಿನ ಜೊತೆ ಡೀಸೆಲ್ ಫಿಲ್ಟರ್ ಕಟ್ಟಿಕೊಂಡು ಗಾಡಿ ನಿಂತಿತು. ಭಾರಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಈಗಿನ ಕಾಮನ್ ರೈಲ್ ಎಂಜಿನ್‌ನಲ್ಲಿ ಇದನ್ನು ಮಾಡಲೇಬೇಡಿ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಒಳಗಿನ ಸಂದು ಕೆಲವೇ ಮೈಕ್ರಾನ್, ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಸತು ಬೂದಿಯಾಗಿ ಸೈಲೆನ್ಸರ್ ದಾರಿಯ ಮಸಿ ಫಿಲ್ಟರ್‌ನಲ್ಲಿ ಕೂರುತ್ತವೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡೋಕೆ ಆಗಲ್ಲ.

ಗಾಡಿ ನಾಲ್ಕಾರು ಇದ್ದು, ಗಾಡಿ ಕೆಳಗೆ ನಿಂತು ಕೆಲಸ ಮಾಡುವ ಗುಂಡಿಯೂ ಕೆಲಸಕ್ಕೆ ಹುಡುಗರೂ ಇದ್ದರೆ ಬೋಲ್ಟೇ ಸಾಕು, ಪ್ರತಿ ಸಲ ಹೊಸ ವಾಷರ್ ಹಾಕಿ ಅಷ್ಟೇ. ನನ್ನ ಹಾಗೆ ಒಂದೇ ಗಾಡಿ, ಒಬ್ಬನೇ ಆಳು, ದುಡ್ಡು ಲೆಕ್ಕದ್ದು ಅಂದರೆ ವಾಲ್ವ್. ಪಂಪಿಗೆ ಕೊಟ್ಟ ದುಡ್ಡಿನಲ್ಲಿ ವಾಲ್ವ್, ಪೈಪ್, ಮುಚ್ಚಳ ಇರುವ ಎರಡು ಕ್ಯಾನ್ ಬಂದು ಇನ್ನೂ ಉಳಿಯುತ್ತಿತ್ತು. ಆ ಪಂಪ್ ಈಗ ಪವರ್ ಸ್ಟೀರಿಂಗ್ ಡಬ್ಬ ಖಾಲಿ ಮಾಡೋಕೆ ಇದೆ, ಎರಡು ವರ್ಷಕ್ಕೊಮ್ಮೆ.