ಪಾಂಟಿಯಾಕ್ ಗ್ರ್ಯಾಂಡ್ ಪ್ರಿ ಜಿಟಿಪಿ: ಅಶ್ವಶಕ್ತಿಗಿಂತ ಮೊದಲು ಶಾಖದ ಲೆಕ್ಕ

ಅಮೆರಿಕದ ಮಧ್ಯಮ ಗಾತ್ರದ ಸೆಡಾನ್‌ಗಳಲ್ಲಿ ಕಡಿಮೆ ಹಣಕ್ಕೆ ಹೆಚ್ಚು ವೇಗ ಬಯಸುವವರ ಕಣ್ಣು ಸಹಜವಾಗಿಯೇ ಜನರಲ್ ಮೋಟಾರ್ಸ್ ಕಂಪನಿಯ ಪಾಂಟಿಯಾಕ್ ಗ್ರ್ಯಾಂಡ್ ಪ್ರಿ ಜಿಟಿಪಿಯ ಮೇಲೆ ಬೀಳುತ್ತದೆ. 1997ರಿಂದ 2003ರವರೆಗಿನ ಮಾದರಿಯ ಇಂಥ ಒಂದು ಕಾರಿನ ಮಾಲೀಕನಾಗಿ, ಅದನ್ನು ಬಿಚ್ಚಿ ಜೋಡಿಸಿ ಬಳಸುತ್ತಿರುವವನಾಗಿ ನಾನು ಕಂಡುಕೊಂಡದ್ದು ಇಷ್ಟು: ಇದರ ಎಂಜಿನ್ ಕೇಳಿದಷ್ಟು ಶಕ್ತಿ ಕೊಡಲು ಸಿದ್ಧವಿದೆ, ಆದರೆ ಎಷ್ಟು ಕೇಳಬಹುದೆಂಬುದನ್ನು ತೀರ್ಮಾನಿಸುವುದು ಶಾಖ. ಈ ಕಾರಿಗೆ ಮಾಡುವ ಮಾರ್ಪಾಡುಗಳಲ್ಲಿ ಹಣ ವ್ಯರ್ಥವಾಗುವುದೂ ಸಾರ್ಥಕವಾಗುವುದೂ ಈ ಒಂದು ವಿಷಯವನ್ನೇ ಅವಲಂಬಿಸಿದೆ.

ಕಾಗದದ ಮೇಲೆ ನೋಡಿದರೆ ಎಂಜಿನ್ ಹಳೆಯ ಕಾಲದ್ದೇ. 3.8 ಲೀಟರಿನ ವಿ6, ಎರಕದ ಕಬ್ಬಿಣದ ಬ್ಲಾಕ್, ಕಬ್ಬಿಣದ್ದೇ ಹೆಡ್‌ಗಳು, ಪುಶ್‌ರಾಡ್ ವ್ಯವಸ್ಥೆ, ಒಂದು ಸಿಲಿಂಡರಿಗೆ ಎರಡೇ ವಾಲ್ವ್. ಇದರ ನೆತ್ತಿಯ ಮೇಲೆ ಕೂತಿರುವ ಈಟನ್ ಎಂ90 ಸೂಪರ್‌ಚಾರ್ಜರ್ (ಬೆಲ್ಟಿನಿಂದ ತಿರುಗುತ್ತ ಎಂಜಿನ್ನಿಗೆ ಹೆಚ್ಚು ಗಾಳಿ ದಬ್ಬುವ ಯಂತ್ರ) ಲೆಕ್ಕವನ್ನೆಲ್ಲ ಬದಲಿಸಿ, 240 ಅಶ್ವಶಕ್ತಿಯನ್ನೂ 280 ಪೌಂಡ್-ಅಡಿ ಟಾರ್ಕನ್ನೂ (ತಿರುಗಿಸುವ ಬಲ) ಹೊರತರುತ್ತದೆ. 1998ರ ಹೋಂಡಾ ಅಕಾರ್ಡ್‌ನ ವಿ6 ಕೊಡುತ್ತಿದ್ದುದು 200 ಅಶ್ವಶಕ್ತಿ ಎಂಬುದನ್ನು ನೆನೆದರೆ ಈ ಅಂಕಿಯ ಬೆಲೆ ತಿಳಿಯುತ್ತದೆ. ಆದರೂ ದಿನನಿತ್ಯದ ಓಡಾಟದಲ್ಲಿ ಮನಸ್ಸಿಗೆ ಹಿಡಿಸುವುದು ಅಶ್ವಶಕ್ತಿಯಲ್ಲ, ಟಾರ್ಕ್. ಹೆದ್ದಾರಿಯ ರ್‍ಯಾಂಪಿನಲ್ಲಿ ಆಕ್ಸಿಲರೇಟರನ್ನು ಅರ್ಧ ಒತ್ತಿದರೆ ಸಾಕು, ಟರ್ಬೊ ಎಚ್ಚರಗೊಳ್ಳಲಿ ಎಂದು ಕಾಯುವ ಪ್ರಸಂಗವೇ ಇಲ್ಲದೆ, ಸೂಪರ್‌ಚಾರ್ಜರಿನ ಸಣ್ಣ ಸಿಳ್ಳಿನೊಂದಿಗೆ ಕಾರು ಮುನ್ನುಗ್ಗುತ್ತದೆ. ಒಂದೇ ವೇಗದಲ್ಲಿ ನಿಧಾನವಾಗಿ ಸಾಗುವಾಗ ಬೈಪಾಸ್ ವಾಲ್ವ್ ತೆರೆದುಕೊಂಡು, ಸೂಪರ್‌ಚಾರ್ಜರಿನೊಳಗೆ ಗಾಳಿ ದಬ್ಬುವ ರೋಟರ್‌ಗಳು ಹೆಚ್ಚು ಶ್ರಮವಿಲ್ಲದೆ ತಿರುಗುವುದರಿಂದ, ದೂರದ ಪ್ರಯಾಣದಲ್ಲಿ ಗ್ಯಾಲನ್ನಿಗೆ 25 ಮೈಲಿ ದಾಟುವುದು ಕಷ್ಟವಲ್ಲ. ಪ್ರೀಮಿಯಂ ಪೆಟ್ರೋಲನ್ನೇ ಹಾಕಬೇಕೆಂಬುದು ಮಾತ್ರ ತಪ್ಪಿಸಿಕೊಳ್ಳಲಾಗದ ಖರ್ಚು.

ಮಾರ್ಪಾಡಿನ ಮಾತು ಬಂದೊಡನೆ ಎಲ್ಲರೂ ಹೇಳುವುದು ಸೂಪರ್‌ಚಾರ್ಜರನ್ನು ತಿರುಗಿಸುವ ಬೆಲ್ಟಿನ ಪುಲ್ಲಿ. ಕಾರ್ಖಾನೆಯಿಂದ ಬರುವ ಪುಲ್ಲಿಯ ವ್ಯಾಸ 3.8 ಇಂಚು. ಅದನ್ನು ಎಳೆದು ತೆಗೆದು 3.4 ಇಂಚಿನದನ್ನು ಹಾಕಿದರೆ, ಎಂಜಿನ್ ವೇಗ ಅಷ್ಟೇ ಇದ್ದರೂ ಸೂಪರ್‌ಚಾರ್ಜರ್ ಸುಮಾರು 12 ಶೇಕಡಾ ಹೆಚ್ಚು ವೇಗವಾಗಿ ತಿರುಗಿ, ಒಳಗೆ ದಬ್ಬುವ ಗಾಳಿಯ ಒತ್ತಡವೂ ಏರುತ್ತದೆ. ಪುಲ್ಲಿ ಮತ್ತು ತುಸು ಗಿಡ್ಡನೆಯ ಬೆಲ್ಟ್ ಎರಡೂ ಸೇರಿ ಹೆಚ್ಚು ಹಣವಾಗುವುದಿಲ್ಲ, ಕೆಲಸವೂ ಒಂದು ಮಧ್ಯಾಹ್ನದೊಳಗೆ ಮುಗಿಯುತ್ತದೆ. ಹಾಗಾಗಿಯೇ ಇದು ಎಲ್ಲರ ಮೊದಲ ಮಾರ್ಪಾಡು, ಮತ್ತು ನನ್ನ ಅಭಿಪ್ರಾಯದಲ್ಲಿ ಎಂದೂ ಮೊದಲನೆಯದಾಗಬಾರದ ಮಾರ್ಪಾಡು. ರೂಟ್ಸ್ ಮಾದರಿಯ ಈ ಸೂಪರ್‌ಚಾರ್ಜರ್ ಗಾಳಿಯನ್ನು ದಬ್ಬುವಾಗ ಅದನ್ನು ಚೆನ್ನಾಗಿಯೇ ಕಾಯಿಸುತ್ತದೆ, ಕಾದ ಗಾಳಿಯನ್ನು ತಣಿಸಲು ಈ ಎಂಜಿನ್ನಿಗೆ ಕಾರ್ಖಾನೆಯವರು ಇಂಟರ್‌ಕೂಲರ್ ಕೊಟ್ಟಿಲ್ಲ. ಬಿಸಿ ಗಾಳಿ ಹೆಚ್ಚಿದಂತೆ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಸಿಡಿಯುವುದು) ಶುರುವಾಗುತ್ತದೆ, ಅದನ್ನು ಸೆನ್ಸರ್ ಗುರುತಿಸಿದ ಕೂಡಲೇ ಕಂಪ್ಯೂಟರ್ ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆಳೆಯುತ್ತದೆ, ಅಂದರೆ ಪ್ಲಗ್ಗಿನ ಕಿಡಿಯನ್ನು ತಡಮಾಡುತ್ತದೆ, ಟೈಮಿಂಗ್ ಹಿಂದೆ ಸರಿದಷ್ಟೂ ಶಕ್ತಿ ಕುಸಿಯುತ್ತದೆ. ಹೀಗೆ ಸಣ್ಣ ಪುಲ್ಲಿ ಹಾಕಿದ ಕಾರು ಮೊದಲಿಗಿಂತ ಹೆಚ್ಚು ಸದ್ದು ಮಾಡುತ್ತ, ಮೊದಲಿಗಿಂತ ನಿಧಾನವಾಗಿ ಓಡುವುದು ಅಪರೂಪದ ಸಂಗತಿಯಲ್ಲ.

ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಪುಲ್ಲಿಯನ್ನಲ್ಲ, ಕಾರಿನ ಒಬಿಡಿ-2 (ದೋಷ ತಪಾಸಣೆಯ) ಸಾಕೆಟ್ಟಿಗೆ ಜೋಡಿಸುವ ಸ್ಕ್ಯಾನ್ ಟೂಲನ್ನು. ಆಕ್ಸಿಲರೇಟರ್ ಪೂರ್ತಿ ತುಳಿದಿರುವಾಗ ಕಂಪ್ಯೂಟರ್ ಎಷ್ಟು ಡಿಗ್ರಿ ಟೈಮಿಂಗ್ ಕಳೆಯುತ್ತಿದೆ ಎಂಬುದನ್ನು ಅದು ತೆರೆಯ ಮೇಲೆ ತೋರಿಸುತ್ತದೆ, ಮತ್ತು ಆ ಅಂಕಿ ಸೊನ್ನೆಯ ಆಸುಪಾಸಿನಲ್ಲಿ ನಿಂತಿದ್ದರೆ ಮಾತ್ರ ಮುಂದಿನ ಹೆಜ್ಜೆಯ ಯೋಚನೆ ಮಾಡಬೇಕು. 195 ಡಿಗ್ರಿ ಫ್ಯಾರನ್‌ಹೀಟಿನ ಥರ್ಮೋಸ್ಟಾಟ್ ತೆಗೆದು 180 ಡಿಗ್ರಿಯದನ್ನು ಹಾಕುವುದು, ಒಂದು ದರ್ಜೆ ತಣ್ಣನೆಯ ಸ್ಪಾರ್ಕ್ ಪ್ಲಗ್ ಬಳಸುವುದು, ಎಂಜಿನ್ನಿನಿಂದ ಹೊರಬರುವ ಎಕ್ಸಾಸ್ಟಿನ ಇಕ್ಕಟ್ಟಾದ ಪೈಪನ್ನು ಅಗಲಿಸುವುದು, ಇವೆಲ್ಲ ಆದ ಮೇಲೆ ಪುಲ್ಲಿ ಬದಲಿಸಿ ಕಂಪ್ಯೂಟರನ್ನು ಅದಕ್ಕೆ ತಕ್ಕಂತೆ ಟ್ಯೂನ್ ಮಾಡಿಸುವುದು ಸರಿಯಾದ ಕ್ರಮ. ಪ್ಲಗ್ ಬದಲಿಸುವುದೆಂದರೆ ಸಣ್ಣ ಕೆಲಸ ಎಂದುಕೊಳ್ಳುವವರಿಗೆ ಹಿಂಬದಿಯ ಮೂರು ಪ್ಲಗ್‌ಗಳು ಬುದ್ಧಿ ಕಲಿಸುತ್ತವೆ. ಅಡ್ಡಲಾಗಿ ಕೂತಿರುವ ಎಂಜಿನ್ನಿನ ಮೇಲಿನ ಮೌಂಟ್‌ಗಳನ್ನು ಬಿಚ್ಚಿ, ಇಡೀ ಎಂಜಿನ್ನನ್ನು ಮುಂದಕ್ಕೆ ವಾಲಿಸಿ ಪಟ್ಟಿಯಿಂದ ಬಿಗಿದರೆ ಮಾತ್ರ ಎಂಜಿನ್ ಕೋಣೆಯ ಹಿಂಗೋಡೆಗೂ ಹೆಡ್ಡಿಗೂ ನಡುವೆ ಕೈ ತೂರುವಷ್ಟು ಜಾಗವಾಗುತ್ತದೆ. ಕ್ಯಾಲಿಫೋರ್ನಿಯದಲ್ಲಿರುವವರು ಇನ್ನೊಂದು ಮಾತು ಗಮನಿಸಬೇಕು: ಅಲ್ಲಿನ ಹೊಗೆ ತಪಾಸಣೆಯಲ್ಲಿ ಬಿಡಿಭಾಗಗಳನ್ನು ಕಣ್ಣಿನಿಂದಲೂ ಪರೀಕ್ಷಿಸುವುದರಿಂದ, ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆಯಿಲ್ಲದ ಭಾಗ ಕಂಡರೆ ಕಾರು ಅನುತ್ತೀರ್ಣವಾಗುತ್ತದೆ.

ಎಂಜಿನ್ ತಡೆದುಕೊಂಡರೂ ಗೇರ್‌ಬಾಕ್ಸ್ ತಡೆದುಕೊಳ್ಳುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. 4ಟಿ65-ಇ ಎಚ್‌ಡಿ ಎಂಬ ನಾಲ್ಕು ಗೇರಿನ ಆಟೊಮ್ಯಾಟಿಕ್ ಕಾರ್ಖಾನೆಯ ಶಕ್ತಿಗೆ ಸರಿಹೊಂದುವಂಥದ್ದು, ಅದಕ್ಕಿಂತ ಹೆಚ್ಚಿನ ಔದಾರ್ಯವನ್ನು ಅದರಿಂದ ನಿರೀಕ್ಷಿಸಬಾರದು. ಇಲ್ಲಿಯೂ ಶತ್ರು ಶಾಖವೇ. ಗೇರ್‌ಬಾಕ್ಸ್ ಎಣ್ಣೆಗೆ ಪ್ರತ್ಯೇಕ ಕೂಲರ್ ಒಂದನ್ನು ಹಾಕಿಸುವುದು ಯಾರೂ ಹೊಗಳದ, ಆದರೆ ಈ ಕಾರಿನಲ್ಲಿ ಅತ್ಯಂತ ಲಾಭದಾಯಕವಾದ ಮಾರ್ಪಾಡು.

ಹೋಲಿಕೆಗೆ ನಿಲ್ಲಬಲ್ಲ ಮೊದಲ ಕಾರು ಮನೆಯೊಳಗಿನದೇ. ಗ್ರ್ಯಾಂಡ್ ಪ್ರಿಯ ಮುಂದಿನ ಪೀಳಿಗೆಯಲ್ಲಿ ಬಂದ ಜಿಎಕ್ಸ್‌ಪಿ, 5.3 ಲೀಟರಿನ ವಿ8 ಎಂಜಿನ್ನನ್ನು ಅಡ್ಡಲಾಗಿ ಕೂರಿಸಿಕೊಂಡು 303 ಅಶ್ವಶಕ್ತಿಯನ್ನೂ 323 ಪೌಂಡ್-ಅಡಿ ಟಾರ್ಕನ್ನೂ ಮುಂದಿನ ಚಕ್ರಗಳಿಗೇ ಕಳಿಸುತ್ತದೆ. ಅದರ ಧ್ವನಿಗೆ ಜಿಟಿಪಿ ಸಾಟಿಯಲ್ಲ, ಏನೂ ಮುಟ್ಟದೆ ಓಡಿಸುವವರಿಗೆ ಅದೇ ಹೆಚ್ಚು ವೇಗದ ಕಾರು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದೇ ಕುಟುಂಬದ ಗೇರ್‌ಬಾಕ್ಸ್ ಇನ್ನೂ ದೊಡ್ಡ ಹೊರೆ ಹೊತ್ತಿರುವುದರಿಂದ, ಮಾರ್ಪಾಡು ಮಾಡುವವನಿಗೆ ಅಲ್ಲಿ ಉಳಿದಿರುವ ಅವಕಾಶ ಕಡಿಮೆ. ಇನ್ನೊಂದು ವಿಚಿತ್ರವೆಂದರೆ ಟೈರುಗಳದು: ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುವುದನ್ನು ತಗ್ಗಿಸಲೆಂದು ಮುಂದೆ 255 ಮಿಲಿಮೀಟರ್, ಹಿಂದೆ 225 ಮಿಲಿಮೀಟರ್ ಅಗಲದ ಟೈರು ಕೊಟ್ಟಿದ್ದಾರೆ. ಮುಂದಿನವು ಬೇಗ ಸವೆಯುತ್ತವೆ, ಹಿಂದಿನವುಗಳೊಂದಿಗೆ ಅದಲುಬದಲು ಮಾಡುವಂತಿಲ್ಲ. ಈ ಖರ್ಚನ್ನು ಕೊಳ್ಳುವಾಗ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಫೋರ್ಡ್ ಟಾರಸ್ ಎಸ್‌ಎಚ್‌ಒ ಕತೆ ಬೇರೆ. 1989ರಲ್ಲಿ ಯಮಾಹಾ ರೂಪಿಸಿದ 3 ಲೀಟರಿನ ವಿ6 ಮತ್ತು ಐದು ಗೇರಿನ ಮ್ಯಾನ್ಯುಯಲ್‌ನೊಂದಿಗೆ ಬಂದ ಮೊದಲ ಪೀಳಿಗೆ ಇಂದಿಗೂ ಓಡಿಸಲು ಸೊಗಸಾದುದು, ಅದರ 220 ಅಶ್ವಶಕ್ತಿಯಲ್ಲಿ ಜಿಟಿಪಿಗಿಲ್ಲದ ಉತ್ಸಾಹವಿದೆ. ಆದರೆ ಜಿಟಿಪಿಯ ನೇರ ಸ್ಪರ್ಧಿಯಾಗಿದ್ದ 1996ರಿಂದ 1999ರವರೆಗಿನ ವಿ8 ಎಸ್‌ಎಚ್‌ಒ, ಆಟೊಮ್ಯಾಟಿಕ್‌ನಲ್ಲಿ ಮಾತ್ರ ದೊರೆತು 235 ಅಶ್ವಶಕ್ತಿ ಕೊಡುತ್ತಿದ್ದ ಕಾರು, ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿನ ಮೇಲೆ ಅದನ್ನು ತಿರುಗಿಸುವ ಹಲ್ಲುಗಾಲಿ (ಸ್ಪ್ರಾಕೆಟ್) ಜಾರಿ ವಾಲ್ವ್‌ಗಳು ಬಾಗುವುದಕ್ಕೆ ಹೆಸರಾಗಿದೆ. ಸ್ಪ್ರಾಕೆಟ್‌ಗಳಿಗೆ ವೆಲ್ಡಿಂಗ್ ಮಾಡಿಸಿದ ದಾಖಲೆಯಿಲ್ಲದ ಕಾರನ್ನು ನಾನಂತೂ ಕೊಳ್ಳುವುದಿಲ್ಲ. ಬ್ಯೂಕ್ ರೀಗಲ್ ಜಿಎಸ್‌ನಲ್ಲಿ ಇರುವುದು ಜಿಟಿಪಿಯ ಎಂಜಿನ್ನೇ. ಸಸ್ಪೆನ್ಷನ್ ಮೆತ್ತಗೆ, ಸೀಟು ಇನ್ನೂ ಮೆತ್ತಗೆ, ಮತ್ತು ಹಿಂದಿನ ಮಾಲೀಕರು ಅದನ್ನು ಹಿಂಸಿಸಿರುವ ಸಂಭವ ಕಡಿಮೆ ಎಂಬುದೇ ಅದರ ದೊಡ್ಡ ಗುಣ.

ಕೊಳ್ಳಲು ಹೋದಾಗ ಬಾನೆಟ್ ಎತ್ತಿ ಬೆಲ್ಟ್ ಟೆನ್ಷನರಿನ ಹತ್ತಿರ ಇಣುಕಿ ನೋಡಬೇಕು. ಅಲ್ಲಿರುವ, ಎಂಜಿನ್ ತಣಿಸುವ ಕೂಲಂಟಿನ ಎರಡು ಪ್ಲಾಸ್ಟಿಕ್ ಮೊಣಕೈ ಕೊಳವೆಗಳು ವರ್ಷಗಳ ಬಿಸಿಗೆ ಬೆಂದು ಬೆರಳಿನಲ್ಲಿ ಹಿಡಿದರೆ ಪುಡಿಯಾಗುವಷ್ಟು ಸೊರಗಿರುತ್ತವೆ. ಅಗ್ಗದ ಭಾಗವೇ ಆದರೂ ಓಡುವಾಗ ಒಡೆದರೆ ಕೂಲಂಟ್ ಖಾಲಿಯಾಗುತ್ತದೆ, ಆದ್ದರಿಂದ ಲೋಹದವನ್ನು ಹಾಕಿಸಿದ್ದಾರೆಯೇ ಎಂದು ಕೇಳಿ. ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ಸೂಪರ್‌ಚಾರ್ಜರಿನ ಮೂತಿಯಿಂದ ಕಟಕಟ ಸದ್ದು ಬಂದರೆ ಒಳಗಿನ ಪ್ಲಾಸ್ಟಿಕ್ ಕಪ್ಲರ್ ಸವೆದಿದೆ ಎಂದರ್ಥ, ಇದು ಹೆದರುವ ವಿಷಯವಲ್ಲ, ಚೌಕಾಸಿಯ ವಿಷಯ. ಆ ಮೂತಿಯೊಳಗೆ ಎಂಜಿನ್ನಿನದಲ್ಲದ ಪ್ರತ್ಯೇಕ ಎಣ್ಣೆಯಿರುತ್ತದೆ, ಅದನ್ನು ಬದಲಿಸುವಾಗ ಬರುವ ನಾತವನ್ನು ಒಮ್ಮೆ ಕುಡಿದ ಮೂಗು ಮರೆಯುವುದಿಲ್ಲ. ವಾಲ್ವ್ ಕವರಿನ ಎಣ್ಣೆ ಸೋರಿ ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬೀಳುವ ತೊಂದರೆಗಾಗಿ ಜನರಲ್ ಮೋಟಾರ್ಸ್ 2015ರಲ್ಲಿ 3.8 ಲೀಟರ್ ಎಂಜಿನ್ನಿನ ಸುಮಾರು 14 ಲಕ್ಷ ಹಳೆಯ ಕಾರುಗಳನ್ನು ವಾಪಸ್ ಕರೆಸಿತ್ತು, ಹಾಗಾಗಿ ಕಾರಿನ ವಿಐಎನ್ (ಗುರುತಿನ) ಸಂಖ್ಯೆ ಕೊಟ್ಟು ಬಾಕಿಯಿರುವ ರೀಕಾಲ್‌ಗಳನ್ನು ವಿಚಾರಿಸುವುದು ಕಡ್ಡಾಯ.

ಮಿಷಿಗನ್, ಓಹಾಯೊದಂಥ ರಾಜ್ಯಗಳಲ್ಲಿ ಚಳಿಗಾಲದ ರಸ್ತೆಯುಪ್ಪು ಬಾಗಿಲ ಕೆಳಗಿನ ರಾಕರ್ ಪ್ಯಾನೆಲ್‌ಗಳನ್ನು ತಿಂದುಹಾಕಿರುತ್ತದೆ. ಎಂಜಿನ್ನಿನ ಭಾಗಗಳು ಬ್ಯೂಕ್, ಷೆವ್ರೊಲೆ ಕಾರುಗಳಲ್ಲೂ ಇದ್ದುದರಿಂದ ಗುಜರಿ ಅಂಗಳಗಳಲ್ಲಿ ಇನ್ನೂ ಸಿಗುತ್ತವೆ, ಆದರೆ 2010ರಲ್ಲಿ ಪಾಂಟಿಯಾಕ್ ಮುಚ್ಚಿಹೋದ ಮೇಲೆ ಈ ಕಾರಿಗಷ್ಟೇ ಸೀಮಿತವಾದ ದೀಪ, ಬಂಪರ್, ಒಳಾಂಗಣದ ತುಣುಕುಗಳು ದಿನೇದಿನೇ ದುರ್ಲಭವಾಗುತ್ತಿವೆ. ಎಂಜಿನ್ ಚೆನ್ನಾಗಿದ್ದು ಮೈ ಹಾಳಾದ ಕಾರು, ಮೈ ಚೆನ್ನಾಗಿದ್ದು ಎಂಜಿನ್ ದಣಿದ ಕಾರು ಎರಡೂ ಒಂದೇ ಬೆಲೆಗೆ ಎದುರಿಗಿದ್ದರೆ, ಎರಡನೆಯದನ್ನೇ ಆರಿಸಿ.