ಎಸ್‌ಕ್ಯೂಲೈಟ್: ಫೈಲ್ ಬೇರೆ ಕಂಪ್ಯೂಟರಿಗೆ ಹೋದಾಗ ಏನಾಗುತ್ತದೆ?

ಲೆಕ್ಕಪತ್ರ, ಪುಸ್ತಕಗಳ ಪಟ್ಟಿ, ಕೆಲಸದ ದಾಖಲೆ ಎಲ್ಲವನ್ನೂ ಹಲವು ವರ್ಷಗಳಿಂದ ಎಸ್‌ಕ್ಯೂಲೈಟ್‌ನಲ್ಲೇ (SQLite) ಇಟ್ಟಿದ್ದೇನೆ. ಇಡೀ ಡೇಟಾಬೇಸನ್ನು ಒಂದು ಫೈಲಿನಲ್ಲಿ ಇಟ್ಟುಕೊಳ್ಳುವ ತಂತ್ರಾಂಶ ಇದು. ಸರ್ವರ್ ಬೇಡ, ಇನ್‌ಸ್ಟಾಲ್ ಮಾಡುವ ರಗಳೆ ಇಲ್ಲ, ವೇಗಕ್ಕೂ ಕೊರತೆಯಿಲ್ಲ. ಅದನ್ನೆಲ್ಲ ಈಗಾಗಲೇ ಸಾಕಷ್ಟು ಜನ ಹೇಳಿದ್ದಾರೆ. ಗೆಳೆಯರು ನನ್ನನ್ನು ಪದೇಪದೇ ಕೇಳುವುದು ಬೇರೆಯದೇ: “ಹಳೇ ಕಂಪ್ಯೂಟರಿನಲ್ಲಿ ಸರಿಯಾಗಿತ್ತು, ಹೊಸದಕ್ಕೆ ಹಾಕಿದ ಮೇಲೆ ಕೆಲಸ ಮಾಡುತ್ತಿಲ್ಲ.”

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಅನುಮಾನಿಸುವುದು ಫೈಲನ್ನು. ಆದರೆ ಎಸ್‌ಕ್ಯೂಲೈಟ್‌ನ ಫೈಲ್ ರಚನೆ ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಒಂದೇ. 32 ಬಿಟ್, 64 ಬಿಟ್ ಎಂಬ ಭೇದವೂ ಇಲ್ಲ. 2004ರಲ್ಲಿ ಬಂದ ಮೂರನೇ ಆವೃತ್ತಿಯ ರಚನೆ ಇಂದಿಗೂ ನಡೆಯುತ್ತಿದೆ, 2050ರವರೆಗೂ ಬೆಂಬಲ ಕೊಡುವ ಉದ್ದೇಶವಿದೆ ಎಂದು ಅದನ್ನು ಕಟ್ಟಿದವರು ಹೇಳಿದ್ದಾರೆ. ನಾನು ಇದನ್ನು ನೆಚ್ಚಿಕೊಂಡಿರುವುದೇ ಈ ಕಾರಣಕ್ಕೆ.

ಹಾಗಾದರೆ ಎಡವಟ್ಟು ಎಲ್ಲಿ? ಹೆಚ್ಚಿನ ಸಲ ಪಕ್ಕದ ಫೈಲ್‌ಗಳಲ್ಲಿ. ಈಗಿನ ಬಹಳಷ್ಟು ಆ್ಯಪ್‌ಗಳು ‘ವಾಲ್’ (WAL) ಎಂಬ ಪದ್ಧತಿಯಲ್ಲಿ ಬರೆಯುತ್ತವೆ. ಹೊಸ ನಮೂದು ಮೊದಲು ಅದೇ ಫೋಲ್ಡರಿನ ‘ವಾಲ್’ ಫೈಲಿಗೆ ಹೋಗಿ, ಆಮೇಲೆ ಮುಖ್ಯ ಫೈಲನ್ನು ಸೇರುತ್ತದೆ. ಆ್ಯಪ್ ಸರಿಯಾಗಿ ಮುಚ್ಚಿಕೊಂಡರೆ ಆ ವಾಲ್ ಫೈಲ್ ತಾನಾಗಿಯೇ ಅಳಿದುಹೋಗುತ್ತದೆ. ಆ್ಯಪ್ ತೆರೆದಿರುವಾಗಲೋ ಕ್ರ್ಯಾಶ್ ಆದ ಮೇಲೋ ಮುಖ್ಯ ಫೈಲನ್ನಷ್ಟೇ ಕಾಪಿ ಮಾಡಿದರೆ ಇತ್ತೀಚಿನ ನಮೂದುಗಳು ಹಿಂದೆಯೇ ಉಳಿಯುತ್ತವೆ. ದೋಷದ ಸಂದೇಶವೂ ಬಾರದಿರಬಹುದು; ಡೇಟಾಬೇಸ್ ತೆರೆದುಕೊಳ್ಳುತ್ತದೆ, ಕೊನೆಯ ದಿನಗಳ ಲೆಕ್ಕ ಮಾತ್ರ ಇರುವುದಿಲ್ಲ. ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇದೇ. ‘ಜರ್ನಲ್’ ಎಂಬ ಹೆಸರಿನ ಫೈಲ್ ಕಂಡರೂ ಕಸವೆಂದು ಅಳಿಸಬೇಡಿ. ಅರ್ಧಕ್ಕೆ ನಿಂತ ಬದಲಾವಣೆಯನ್ನು ಹಿಂದಕ್ಕೆ ತೆಗೆಯಲು ಅದೇ ಆಧಾರ. ಮುಖ್ಯ ಫೈಲಿನ ಹೆಸರು ಬದಲಿಸಿದರೂ ಈ ಜೋಡಿ ತಪ್ಪುತ್ತದೆ.

ಸಂದೇಶ ಬಂದರೆ ಅದನ್ನು ಪೂರ್ತಿ ಓದಿ. ‘ನೋ ಸಚ್ ಮಾಡ್ಯೂಲ್’ ಎಂದರೆ ಹಳೇ ಕಂಪ್ಯೂಟರಿನಲ್ಲಿದ್ದ ಎಕ್ಸ್‌ಟೆನ್ಷನ್ (ಹೆಚ್ಚುವರಿ ಸೌಲಭ್ಯಕ್ಕೆ ಸೇರಿಸಿದ ತುಣುಕು) ಇಲ್ಲಿಲ್ಲ, ಅಷ್ಟೇ. ‘ರೀಡ್‌ಓನ್ಲಿ’ ಎಂದರೆ ಫೈಲಿನ ಜೊತೆಗೆ ಫೋಲ್ಡರಿಗೂ ಬರೆಯುವ ಅನುಮತಿ ಇದೆಯೇ ನೋಡಿ. ಜರ್ನಲ್ ಹುಟ್ಟಬೇಕಾದದ್ದು ಅಲ್ಲೇ. ‘ನಾಟ್ ಎ ಡೇಟಾಬೇಸ್’ ಎಂದು ಬಂದರೆ ಫೈಲಿನ ಮೊದಲ 16 ಬೈಟ್ ನೋಡಿ, ‘ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3’ ಎಂಬ ಇಂಗ್ಲಿಷ್ ಬರಹ ಇರಬೇಕು. ಇಲ್ಲದಿದ್ದರೆ ಆ್ಯಪ್ ಅದನ್ನು ಎನ್‌ಕ್ರಿಪ್ಟ್ ಮಾಡಿರಬಹುದು, ಕೀಲಿ ಹಳೇ ಯಂತ್ರದಲ್ಲೇ ಉಳಿದಿರಬಹುದು. ‘ಮಾಲ್‌ಫಾರ್ಮ್ಡ್ ಡೇಟಾಬೇಸ್ ಸ್ಕೀಮಾ’ ಕಂಡು ಗಾಬರಿಯಾಗುವ ಮುನ್ನ ಹೊಸ ಕಂಪ್ಯೂಟರಿನ ಎಸ್‌ಕ್ಯೂಲೈಟ್ ಆವೃತ್ತಿ ಪರೀಕ್ಷಿಸಿ. 2021ರ 3.37ರಲ್ಲಿ ಬಂದ ಸ್ಟ್ರಿಕ್ಟ್ ಟೇಬಲ್ (ಪ್ರತಿ ಕಾಲಮ್ಮಿಗೂ ಹೇಳಿದ ಬಗೆಯ ಡೇಟಾ ಮಾತ್ರ ಒಪ್ಪುವ ಟೇಬಲ್) ಹಳೆಯ ಆವೃತ್ತಿಗೆ ಅರ್ಥವಾಗುವುದಿಲ್ಲ. ಡೇಟಾ ಮಾತ್ರ ನೆಟ್ಟಗಿರುತ್ತದೆ. ‘ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್’ ಬಂದರೆ ಫೈಲೇ ಕೆಟ್ಟಿದೆ ಎಂದರ್ಥ. ಆಗ ಉಳಿದಷ್ಟು ಡೇಟಾ ಹೊರತೆಗೆಯಲು ‘ರಿಕವರ್’ ಆಜ್ಞೆ ಇದೆ. ಅದನ್ನು ಓಡಿಸುವುದು ಪ್ರತಿಯ ಮೇಲಿರಲಿ, ಮೂಲವನ್ನು ಮುಟ್ಟಬೇಡಿ.

ಈಗ ನಾನು ಫೈಲನ್ನು ನೇರವಾಗಿ ಕಾಪಿ ಮಾಡುವುದೇ ಇಲ್ಲ. 2019ರ 3.27ರಿಂದ ‘ವ್ಯಾಕ್ಯೂಮ್ ಇನ್‌ಟು’ ಸೌಲಭ್ಯವಿದೆ. ಆ್ಯಪ್ ಓಡುತ್ತಿದ್ದರೂ ಎಲ್ಲ ನಮೂದು ಸೇರಿದ ಒಂದೇ ಶುದ್ಧ ಫೈಲ್ ಅದರಿಂದ ಸಿಗುತ್ತದೆ. ಹೊಸ ಕಂಪ್ಯೂಟರಿನಲ್ಲಿ ಫೈಲ್ ನೆಟ್ಟಗಿದೆಯೇ ಎಂದು ನೋಡುವ ‘ಇಂಟೆಗ್ರಿಟಿ ಚೆಕ್’ ಓಡಿಸಿ, ‘ಓಕೆ’ ಬಂದು, ಕೊನೆಯ ನಮೂದನ್ನು ಕಣ್ಣಾರೆ ಕಂಡ ಮೇಲೆಯೇ ಹಳೇ ಡಿಸ್ಕ್ ಅಳಿಸುತ್ತೇನೆ.

ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಅಂಕ ಕಳೆದದ್ದು ವಾಲ್ ಫೈಲ್ ಕಾಣೆಯಾದಾಗಲೂ ಏನೂ ಆಗದಂತೆ ಡೇಟಾಬೇಸ್ ತೆರೆದುಕೊಳ್ಳುವುದಕ್ಕೆ. ಅಲ್ಲೊಂದು ಎಚ್ಚರಿಕೆಯ ಸಾಲು ಇದ್ದಿದ್ದರೆ ಎಷ್ಟೋ ಜನರ ದಾಖಲೆ ಉಳಿಯುತ್ತಿತ್ತು.